ಮಿದುಳಿನ ವಿಜ್ಞಾನಿಗೆ ಮಂಜೂರಾದ ಹವ್ಯಾಸ

ಹವ್ಯಾಸವಿಲ್ಲದ ವಿಜ್ಞಾನಿಯನ್ನು ಸಾರ್ವಜನಿಕರು ನಂಬುವುದಿಲ್ಲ ಎಂಬುದು ಸಂಸ್ಥೆಯ ಆಡಳಿತ ಮಂಡಳಿ ಸರ್ವಾನುಮತದಿಂದ ಕಂಡುಕೊಂಡ ಸತ್ಯ. ಆದಕಾರಣ ಪ್ರತಿಯೊಬ್ಬರೂ ತಮ್ಮ ಸಂಶೋಧನೆ, ಹಿನ್ನೆಲೆ, ವೈಯಕ್ತಿಕ ಆಸಕ್ತಿಗಳನ್ನು ಸಂಸ್ಥೆಯ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದೆಂದು ಆದೇಶವಾಯಿತು.

ಮೇಲ್ಮಹಡಿಯ ಮೂಲೆ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮಿದುಳಿನ ಲೆಕ್ಕ ಹಾಕುತ್ತಿದ್ದ ವಿಜ್ಞಾನಿಗೆ ಮೊದಲೆರಡು ಕಷ್ಟವಾಗಲಿಲ್ಲ. ಅವಳ ತಮ್ಮನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮೂರ್ಛೆ ಬರುವುದನ್ನು ಮೊದಲೇ ಹೇಳಿಬಿಡುವ ಉಪಾಯಕ್ಕಾಗಿ ಅವಳು ವರ್ಷಗಟ್ಟಲೆ ತಲೆ ಸವೆಸಿದ್ದಳು. ಅದು ಇನ್ನೇನು ಕೈಗೆ ಸಿಗುವುದರಲ್ಲಿತ್ತು. ಆಸಕ್ತಿ ಎಂಬಲ್ಲಿ ‘ನಿದ್ದೆ’ ಎಂದು ಬರೆದಳು.

ಪ್ರಚಾರಾಧಿಕಾರಿ ಅವಳನ್ನು ಕರೆಸಿಕೊಂಡರು. ನಿದ್ದೆಯ ಫೋಟೊ ಹಾಕಿದರೆ ಜನ ಇದನ್ನು ಸರ್ಕಾರಿ ಕಚೇರಿ ಅಂದುಕೊಂಡಾರು ಎಂದು ತಿಳಿಹೇಳಿದರು. ಪರ್ವತಾರೋಹಣ ಆಗಲೇ ರಸಾಯನಶಾಸ್ತ್ರದವರಿಗೆ ಹಂಚಿಕೆಯಾಗಿತ್ತು. ಸಂಸ್ಥೆಯ ನಿರ್ದೇಶಕರ ಸೊಸೆಯ ಪಾಲಿಗೆ ಪಿಟೀಲು ಹೋಗಿತ್ತು. ಉಳಿದದ್ದು ಡ್ರಮ್.

“ನಂಗೆ ಬಾರಿಸೋಕೆ ಬರಲ್ಲ ಸರ್.”

“ಬರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲಮ್ಮ. ಆಸಕ್ತಿ ಇದ್ರೆ ಸಾಕು.”

ಡ್ರಮ್ಮಿನ ಮುಂದೆ ಹಲ್ಲು ಕಿರಿದ ಅವಳ ಫೋಟೊ ಪ್ರಕಟವಾದದ್ದೇ ತಡ, ಹಾಸಿಗೆ ಕಾರ್ಖಾನೆಯ ಮಾಲೀಕರೊಬ್ಬರು ಅದನ್ನು ಮೆಚ್ಚಿ, ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಆಕೆ ಬಾರಿಸುವುದಾದರೆ ಉದಾರ ದೇಣಿಗೆ ಕೊಡುವುದಾಗಿ ತಿಳಿಸಿದರು. ಅಭ್ಯಾಸಕ್ಕೆ ಸ್ಥಳ ಬೇಕಾಯಿತು. ಅವಳ ಕಂಪ್ಯೂಟರುಗಳನ್ನು ಮೆಟ್ಟಿಲಡಿಗೆ ಸಾಗಿಸಿ, ಕೋಣೆಯ ಗೋಡೆಗಳಿಗೆ ಸದ್ದಡಗಿಸುವ ಮೆತ್ತೆ ಹೊದಿಸಲಾಯಿತು. ಅವಳು ನಿರ್ದೇಶಕರಲ್ಲಿಗೆ ಹೋಗಿ ಗೋಗರೆದಳು. ಮಿದುಳು ಎಲ್ಲಿಗೂ ಓಡಿಹೋಗುವುದಿಲ್ಲ, ದಾನಿಗಳ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ ಎಂದು ಅವರು ಸಮಾಧಾನಪಡಿಸಿದರು.

ವಾರ್ಷಿಕೋತ್ಸವದ ದಿನ ಅವಳು ಬಾರಿಸುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ತಮ್ಮ, ಕುರ್ಚಿಯಿಂದ ಉರುಳಿ ಕೈಕಾಲು ಅದುರಿಸತೊಡಗಿದ. ಹುಡುಗ ತಾಳಕ್ಕೆ ಮೈಮರೆತನೆಂದು ಸಭಿಕರು ಚಪ್ಪಾಳೆ ತಟ್ಟಿದರು. ಅವಳು ವೇದಿಕೆಯಿಂದ ಹಾರಿ, ಜನರನ್ನು ತಳ್ಳಿಕೊಂಡು ಹೋಗಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಗೆ ತನ್ನ ತೊಡೆ ಕೊಟ್ಟು ಕೂತಳು. ಕಣ್ಣು ಬಿಟ್ಟ ತಮ್ಮ, “ಅಕ್ಕ, ಈ ಸಲಾನೂ ಮೊದ್ಲೇ ಗೊತ್ತಾಗ್ಲಿಲ್ಲ ಕಣೇ,” ಅಂದ. ಅವಳು ಅವನ ಬಾಯಂಚಿನ ನೊರೆ ಒರೆಸಿದಳು.

ಕಾರ್ಯಕ್ರಮದ ನಡುವೆ ವಾದ್ಯ ತೊರೆದದ್ದಕ್ಕೆ ಅವಳಿಂದ ವಿವರಣೆ ಕೇಳಲಾಯಿತು. ವಿವರಣೆ ಓದಿ ಪ್ರಚಾರಾಧಿಕಾರಿಯ ಕಣ್ಣು ತುಂಬಿ ಬಂತು. ನೆಲದ ಮೇಲೆ ಬಿದ್ದ ತಮ್ಮನ ಫೋಟೊವನ್ನು ಅವರು ಕೂಡಲೇ ‘ಹಿನ್ನೆಲೆ’ಗೆ ಸೇರಿಸಿದರು. ದೇಣಿಗೆ ಇಮ್ಮಡಿಯಾಯಿತು. ಅವಳನ್ನು ಹೊಸದಾಗಿ ತೆರೆದ ವಾದ್ಯ ವಿಭಾಗದ ಮುಖ್ಯಸ್ಥೆಯಾಗಿ ಬಡ್ತಿ ಕೊಟ್ಟು ನೇಮಿಸಲಾಯಿತು. ಮಿದುಳಿನ ಲೆಕ್ಕ ಹುದ್ದೆಗೆ ಸಂಬಂಧಪಡದ ಕಾರಣ ಕೈಬಿಡಲಾಯಿತು. ಅಮ್ಮ ನೆಂಟರಿಗೆಲ್ಲ ಸಿಹಿ ಹಂಚಿದರು.

ರಜಾದಿನಗಳಲ್ಲಿ ಮಿದುಳಿನ ಲೆಕ್ಕವನ್ನು ವೈಯಕ್ತಿಕ ಆಸಕ್ತಿಯಾಗಿ ಮುಂದುವರಿಸಲು ಅಪ್ಪಣೆಯಾಗಬೇಕೆಂದು ಅವಳು ವಿನಂತಿಸಿಕೊಂಡಳು. ಮಂಡಳಿ ದೊಡ್ಡ ಮನಸ್ಸು ಮಾಡಿತು. ಪ್ರಚಾರಾಧಿಕಾರಿ ಮಾತ್ರ ಅವಳನ್ನು ಪಕ್ಕಕ್ಕೆ ಕರೆದು, “ಹವ್ಯಾಸದಿಂದ ಯಾರಿಗಾದ್ರೂ ಉಪಯೋಗ ಆಗ್ಬಿಟ್ರೆ ಅದು ಹವ್ಯಾಸ ಅನ್ನಿಸ್ಕೊಳ್ಳಲ್ಲ. ಸ್ವಲ್ಪ ನೋಡ್ಕೊಂಡು ಮಾಡಿ,” ಅಂದರು.

ಹಾಗಾಗದಂತೆ ಎಚ್ಚರ ವಹಿಸುವುದಾಗಿ ಅವಳು ಮಾತು ಕೊಟ್ಟಳು.