ಮಾಮಾ ತೋರಿಸಿದ ಊರು

ಎದುರಿಗೆ ಬರೀ ನೀರಿರುವಾಗ ಅದರತ್ತ ಬೆರಳು ಮಾಡಿ "ಊರು ನೋಡ್ರಿ" ಎನ್ನುವ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಅಂಥವನು ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಆ ಒಬ್ಬನೂ ನನ್ನ ಪಾಲಿಗೇ ಬಂದಿದ್ದಾನೆ. ನನ್ನ ತಾಯಿಯ ಖಾಸಾ ತಮ್ಮ, ನನ್ನ ಮಾಮಾ!

ಮಾಮಾ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಜಮಖಂಡಿಯಿಂದ ಮುಧೋಳ, ಮುಧೋಳದಿಂದ ಬೀಳಗಿ ಎಂದು ಅರ್ಧ ಆಯುಷ್ಯವನ್ನು ನಿಂತೇ ಕಳೆದ. ಅದಕ್ಕೇ ಇರಬೇಕು, ನಾಲ್ಕು ಜನ ಒಂದು ಕಡೆ ಸೇರಿದರೆ ಅವರನ್ನು ಎಲ್ಲಿಗಾದರೂ ಸಾಗಿಸುವ ತನಕ ಅವನಿಗೆ ಸಮಾಧಾನವಿಲ್ಲ. ಕೃಷ್ಣೆಯ ನೀರು ಕಟ್ಟಿ ನಿಲ್ಲಿಸಿದಾಗ ಬೀಳಗಿ ಸೀಮೆಯ ಅವನ ಊರು ಹಿನ್ನೀರಿನಲ್ಲಿ ಮುಳುಗಿತು. ಮೇಲಿನ ದಿಬ್ಬದಲ್ಲಿ ಎಲ್ಲರಿಗೂ ಜಾಗ ಕೊಟ್ಟರು, ಎಲ್ಲರೂ ಮನೆ ಕಟ್ಟಿಕೊಂಡರು. ಮಾಮಾ ಮಾತ್ರ ತಗಡಿನ ಶೆಡ್ಡು ಹಾಕಿಕೊಂಡು ಕುಳಿತುಬಿಟ್ಟ. ಮನೆ ಯಾವಾಗ ಎಂದು ಯಾರಾದರೂ ಕೇಳಿದರೆ ನೀರಿನ ಕಡೆ ಕೈ ತೋರಿಸಿ, "ಮನಿ ಐತಲ್ಲ, ಮತ್ತೊಂದು ಯಾಕ?" ಎನ್ನುತ್ತಿದ್ದ. ಇದಕ್ಕೆ ಏನು ಹೇಳುತ್ತೀರಿ? ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಮಾಮಿ ರೊಟ್ಟಿ ಬಡಿಯುವುದನ್ನು ನೋಡಿದರೆ, ಒಲೆಯನ್ನು ಯಾಕಾದರೂ ಹೊತ್ತಿಸುತ್ತಾಳೋ, ರೊಟ್ಟಿಯ ಹಂಚನ್ನು ನೆತ್ತಿಯ ಮೇಲೆ ಹಿಡಿದರೂ ಸಾಕಲ್ಲ ಎನ್ನಿಸುತ್ತಿತ್ತು. ಮಾಮಿ ಹೇಳಿ ಹೇಳಿ ಸೋತು, ಹೇಳುವುದನ್ನೇ ಬಿಟ್ಟಿದ್ದಳು.

ನನ್ನ ಮದುವೆಯಾದ ವರ್ಷ ಈ ಮಾಮಾನ ಕಣ್ಣು ನಮ್ಮ ಮೇಲೆ ಬಿತ್ತು. ನಮ್ಮವರು ಮೈಸೂರು ಕಡೆಯವರು, ಜಮಖಂಡಿಗೆ ವರ್ಗವಾಗಿ ಬಂದವರು. ಊಟಿಗೆ ಹೋಗಬೇಕು, ಅಲ್ಲಿ ಕೆರೆಯಿದೆ, ದೋಣಿಯಿದೆ, ದಂಡೆಯ ಮೇಲೆ ಕೂತು ಬಿಸಿಬಿಸಿ ಏನಾದರೂ ತಿನ್ನಬಹುದು ಎಂದು ಅವರಿಗೆ ಬಹಳ ಆಸೆಯಿತ್ತು. ರಜೆಯೂ ಸಿಕ್ಕಿತ್ತು. ಅಷ್ಟರಲ್ಲಿ ಬಂದ ನೋಡಿ ಮಾಮಾ! ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಊಟಿ ನಮ್ಮ ಕೈತಪ್ಪಿ ಹೋಗಿತ್ತು. ಕೆರೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ನಮ್ಮದು ಊಟಿ ಕೆರೆಯನ್ನು ಮೂಲೆಗಿಟ್ಟುಕೊಳ್ಳುವಷ್ಟು ದೊಡ್ಡದು, ನೋಡುವುದು, ಉಣ್ಣುವುದು, ಆಡುವುದು ಎಲ್ಲಕ್ಕೂ ತಾನಿದ್ದೇನೆ ಎಂದ. ಹೊಸ ಅಳಿಯನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಪಾಪ, ಬಜಾರಿಗೆ ಹೋಗಿ ಒಂದು ಟೋಪಿ ಕೊಂಡುಕೊಂಡರು. ಗೆಳೆಯರ ಹತ್ತಿರ ಕ್ಯಾಮರಾ ಇಸಿದುಕೊಂಡರು.

ದಸರೆಯ ಮುಂದಿನ ದಿನಗಳು, ನೀರು ತುಂಬಿ ನಿಂತಿತ್ತು. ಆಚೆ ದಡ ಕಾಣಿಸುತ್ತಿರಲಿಲ್ಲ. ಒಂದು ಜಾಲಿ ಗಿಡದ ಕೆಳಗೆ ಮಾಮಿ ಬುತ್ತಿಯ ಗಂಟು ಇಳಿಸಿದಳು. ನಮ್ಮವರು ಟೋಪಿ ಸರಿಮಾಡಿಕೊಂಡು, ಆಹಾ, ಎಂಥ ನೀರು ಎಂದರು. ಮಾಮಾನಿಗೆ ಅದು ಹಿಡಿಸಲಿಲ್ಲ.

"ನೀರೇನ ನೋಡ್ತೀರಿ ಅಳಿಯಂದ್ರ? ಊರ ನೋಡ್ರಿ," ಎಂದು ಕೊಡೆ ಚಾಚಿದ. "ಅಲ್ಲೆ ಅಗಸಿ, ಊರ ಬಾಗಲಾ. ಅದರ ಎಡಕ್ಕ ಹಣಮಪ್ಪನ ಗುಡಿ. ಆ ಕೊಕ್ಕರಿ ಕುಂತೈತಲ್ಲ, ಅದರ ಕೆಳಗ ನಮ್ಮ ಮನಿ."

ಕೊಕ್ಕರೆ ಹಾರಿಹೋಯಿತು. ಮನೆಯ ಗುರುತೂ ಅದರ ಜೊತೆಗೇ ಹೋಯಿತು. ಆದರೆ ಮಾಮಾ ಸೋಲುವವನೇ? ಹಿಟ್ಟಿನ ಗಿರಣಿ, ತಾನು ಕಲಿತ ಸಾಲಿ, ಸೇದುವ ಬಾವಿ ಎಂದು ಒಂದೊಂದನ್ನೇ ತೋರಿಸುತ್ತ, ಒಂದೊಂದಕ್ಕೂ ಫೋಟೋ ತೆಗೆಸಿದ. ಸಾಲಿಯ ಮುಂದೆ ನನ್ನನ್ನು ನಿಲ್ಲಿಸಿದ. ಮುಂದೆ ಎಂದರೆ ಮೊಣಕಾಲು ಮಟ್ಟದ ಕೆಸರಿನಲ್ಲಿ! ಆಮೇಲೆ ಜಮಖಂಡಿಯಲ್ಲಿ ರೀಲು ತೊಳೆಸಿದಾಗ ಬಂದದ್ದು ಇಷ್ಟೇ: ಒಂದರಲ್ಲಿ ಕೆಸರಿನ ನಾನು, ಉಳಿದದ್ದೆಲ್ಲ ನೀರು, ನೀರು, ನೀರು, ಪ್ರತಿಯೊಂದರ ಅಂಚಿನಲ್ಲೂ ಮಾಮಾನ ಕೊಡೆಯ ತುದಿ. ಸ್ಟುಡಿಯೋದವನು ಕ್ಯಾಮರಾ ತಾನೇ ಒತ್ತಿಕೊಂಡಿತೋ ಏನೋ ಎಂದು ಮರುಗಿ, ಅರ್ಧ ಫೋಟೋಗಳಿಗೆ ಪ್ರಿಂಟೇ ಹಾಕದೆ ಬಿಟ್ಟಿದ್ದ.

ಇನ್ನು ದೋಣಿ ವಿಹಾರ. ನಡುವೆ ಒಂದು ನಡುಗಡ್ಡೆಯಿದೆ, ಅಲ್ಲಿ ಹಕ್ಕಿಗಳು ಬಂದು ಇಳಿಯುತ್ತವೆ ಎಂದು ಯಾರೋ ಹೇಳಿದ್ದನ್ನು ನೆಚ್ಚಿ ನಮ್ಮವರು ದೋಣಿ ಹತ್ತಿದರು. ಮೀನು ಹಿಡಿಯುವ ಅಂಬಿಗನೊಬ್ಬ ಒಪ್ಪಿ ಹುಟ್ಟು ಹಾಕತೊಡಗಿದ. ಸ್ವಲ್ಪ ಮುಂದೆ ಹೋಗುವುದರಲ್ಲಿ ಮಾಮಾ ಎದ್ದು ನಿಂತು ಅಡ್ಡ ಕೈ ಮಾಡಿದ.

"ಹಂಗ ನೆಟ್ಟಗ ಹೋಗಬ್ಯಾಡೋ, ಗೋಡಿ ಐತಿ. ಓಣಿ ಹಿಡದು ಸುತ್ತಿ ಬಾ."

ಅಂಬಿಗ ನೀರು ನೋಡಿದ, ಮಾಮಾನ ಮುಖ ನೋಡಿದ. "ಯಜಮಾನ್ರ, ಇಷ್ಟು ನೀರಾಗ ಗೋಡಿ ಎಲ್ಲೈತ್ರಿ?"

"ಐತಿ. ನಿನಗ ಕಾಣಂಗಿಲ್ಲ ಅಷ್ಟ."

ಆಮೇಲೆ ಆದದ್ದನ್ನು ಏನೆಂದು ಹೇಳಲಿ? ನಾವು ಅಗಸಿಯಿಂದ ಊರು ಹೊಕ್ಕೆವು, ಗೌಡರ ಓಣಿಯಲ್ಲಿ ಬಲಕ್ಕೆ ತಿರುಗಿದೆವು, ಎದುರಿಗೆ ಚಕ್ಕಡಿ ಬಂದರೆ ಕಷ್ಟವೆಂದು ಒಂದು ಮಗ್ಗುಲಿಗೆ ಸರಿದುಕೊಂಡೆವು. ಹಣಮಪ್ಪನ ಗುಡಿ ಬಂದಾಗ ದೋಣಿಯಿಂದಲೇ ಪ್ರದಕ್ಷಿಣೆ ಹಾಕಬೇಕೆಂದಾಯಿತು. ನಮ್ಮವರು ಬೂಟು ಕಳೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ತಲೆ ತಿರುಗಿ ವಾಂತಿ ಬರುವಂತಾಯಿತು. ಗುಡಿಯ ಮುಂದೆ ಹಾಗೆಲ್ಲ ಮಾಡಬಾರದೆಂದು ಮಾಮಾ ತಡೆಹಿಡಿಸಿದ. ಕಾಯಿ ಒಡೆದು, ಹೂವು ತೇಲಿಬಿಟ್ಟು ಕೈ ಮುಗಿದೆವು. ನಡುಗಡ್ಡೆಯ ಹಕ್ಕಿಗಳು ನಮ್ಮ ದಾರಿ ಕಾದು ಕಾದು ಎದ್ದುಹೋದವು.

ಊಟವಾದರೂ ನೆಮ್ಮದಿಯಿಂದ ಆಯಿತೇ? ಮಾಮಿ ಬೆಳಗಿನಿಂದ ಬೆಂಕಿಯ ಮುಂದೆ ಕೂತು ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು ಎಲ್ಲ ಮಾಡಿ ತಂದಿದ್ದಳು. ಎಲ್ಲರೂ ಮನೆಯ ಕಡೆ ಮುಖ ಮಾಡಿ ಕೂರಬೇಕೆಂದು ಮಾಮಾನ ಅಪ್ಪಣೆ. ಬಿಸಿಲು ನೇರ ಕಣ್ಣಿಗೇ ಬಡಿಯುತ್ತಿತ್ತು. ಎಣ್ಣೆಗಾಯಿ ಬಾಯಿಗಿಟ್ಟವನೇ ಮಾಮಾ, ಇದಕ್ಕೆ ರುಚಿಯೇ ಇಲ್ಲ, ನಮ್ಮ ಹಿತ್ತಲದ ಮಣ್ಣಿನಲ್ಲಿ ಬೆಳೆದ ಬದನೆಕಾಯಿಯನ್ನು ನೀವು ತಿನ್ನಬೇಕಾಗಿತ್ತು ಎಂದು ಶುರು ಮಾಡಿದ. ನಮ್ಮವರು ಎರಡನೇ ಸಲ ಹಾಕಿಸಿಕೊಂಡು ಬೆರಳು ಚೀಪುತ್ತಿದ್ದರೂ ಅವನ ವರ್ಣನೆ ನಿಲ್ಲಲಿಲ್ಲ. ಮಾಮಿಯೊಬ್ಬಳು ಮಾತ್ರ ನೀರಿಗೆ ಬೆನ್ನು ಹಾಕಿ ಕೂತಿದ್ದಳು. ಪಾತ್ರೆ ತೊಳೆಯುವಾಗ ನನಗೊಬ್ಬಳಿಗೇ ಕೇಳಿಸುವಂತೆ, "ನನಗ ಅರಮನಿ ಬ್ಯಾಡವಾ. ಮಳಿ ಬಂದಾಗ ಮಾತಾಡಿದ್ದು ಕೇಳಿಸುವಂಥಾದ್ದೊಂದು ಮಾಳಗಿ ಮನಿ ಸಾಕು," ಎಂದಳು.

ಅಂದೇ ಸಂಜೆ ಮಾಮಾನಿಗೆ ಗಟ್ಟಿಯಾಗಿ ಹೇಳಿದೆ. ಮುಳುಗಿದ್ದು ಮುಳುಗಿತು, ಅವಳ ಕಡೆಗಾದರೂ ನೋಡು ಎಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ನಾಳೆ ಕುಂಬಾರರ ಓಣಿ ತೋರಿಸುವುದು ಬಾಕಿ ಇದೆ ಎಂದ. ಇಂಥವನ ಜೊತೆ ಜಗಳವಾಡುವುದಾದರೂ ಹೇಗೆ?

ಹೀಗೆ ವರ್ಷ ವರ್ಷವೂ ನಡೆಯಿತು. ನಮ್ಮವರ ಟೋಪಿ ಹರಿಯಿತು, ಊಟಿಯ ಮಾತು ನಿಂತಿತು. ಆ ಊರಿನ ಓಣಿಗಳು ನನಗೆ ಜಮಖಂಡಿಯ ಓಣಿಗಳಿಗಿಂತ ಬಾಯಿಪಾಠವಾದವು. ಮಾಮಿಯ ಶೆಡ್ಡಿನ ತಗಡು ತುಕ್ಕು ಹಿಡಿದು ತೂತು ಬಿತ್ತು. ಗಾಳಿಗೆ ಹಾರಬಾರದೆಂದು ಮಾಮಾ ಅದರ ಮೇಲೆ ಕಲ್ಲು ಹೇರಿದ, ಅಡಿಪಾಯ ಮಾತ್ರ ತೋಡಲಿಲ್ಲ.

ಆಮೇಲೆ ಒಂದು ಬೇಸಿಗೆ ನೀರು ಬಹಳ ಕೆಳಗೆ ಇಳಿಯಿತು. ಊರು ತೇಲಿದೆ ಎಂದು ಮಾಮಾ ಜಮಖಂಡಿಗೆ ಓಡಿ ಬಂದ. ಅವನ ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆ ನೋಡಿರಲಿಲ್ಲ. ತಾನಿನ್ನೂ ಕೆಳಗೆ ಇಳಿದಿಲ್ಲವಂತೆ, ನಮಗಾಗಿ ಕಾದಿದ್ದನಂತೆ. ಇಷ್ಟು ವರ್ಷ ನಕ್ಕಿದ್ದೀರಲ್ಲ, ಈಗ ಬಂದು ಕಣ್ಣಾರೆ ನೋಡಿ ಎಂದ. ಹೋದೆವು.

ಬಿರುಕುಬಿಟ್ಟ ಕೆಸರಿನ ಮೇಲೆ ಮಾಮಾ ಮುಂದೆ, ನಾವು ಹಿಂದೆ. ಅಗಸಿ ಇರಬೇಕಾದ ಕಡೆ ಅಗಸಿ ಇರಲಿಲ್ಲ. ಗೌಡರ ಓಣಿ ಇರಬೇಕಾದ ಕಡೆ ಕಪ್ಪು ಹೊಲ. ಊರು ಎಲ್ಲಿ ಎಂದು ನೋಡಿದರೆ, ದೂರದಲ್ಲಿ, ಅವನು ವರ್ಷಗಟ್ಟಲೆ ಕೊಡೆ ಚಾಚಿದ್ದಕ್ಕೆ ಪೂರಾ ಇನ್ನೊಂದು ದಿಕ್ಕಿನಲ್ಲಿ, ಕುಸಿದ ಕಲ್ಲುಗಳ ಸಾಲು ಕಾಣಿಸುತ್ತಿತ್ತು. ನಾವು ಬೂಟು ಕಳೆದು ಪ್ರದಕ್ಷಿಣೆ ಹಾಕಿದ್ದೆವಲ್ಲ, ಕಾಯಿ ಒಡೆದಿದ್ದೆವಲ್ಲ, ಅದೇನು ಜಾಗ ಎಂದು ಮಾಮಿಯನ್ನು ಕೇಳಿದೆ. ಅವಳು ಸುತ್ತ ಒಮ್ಮೆ ಕಣ್ಣಾಡಿಸಿ, ಊರ ತಿಪ್ಪೆಯೆಂದಳು.

ನಮ್ಮವರು ನಗಲು ಬಾಯಿ ತೆರೆದವರು ಮಾಮಾನನ್ನು ನೋಡಿ ಹಾಗೇ ಮುಚ್ಚಿದರು. ಮಾಮಾ ಅತ್ತ ನಡೆಯತೊಡಗಿದ್ದ. ಕಲ್ಲಿನ ಸಾಲುಗಳ ನಡುವೆ ಹೊಕ್ಕು ಒಂದು ಓಣಿಯಲ್ಲಿ ಹೋದ, ತಿರುಗಿ ಬಂದ, ಇನ್ನೊಂದರಲ್ಲಿ ಹೋದ. ಬಾಗಿಲು, ತೊಲೆಗಳನ್ನೆಲ್ಲ ಜನ ಮೊದಲೇ ಕಿತ್ತು ಒಯ್ದಿದ್ದರು. ಮಣ್ಣಿನ ಗೋಡೆಗಳು ಕರಗಿಹೋಗಿದ್ದವು. ಎಲ್ಲ ಮನೆಗಳೂ ಒಂದೇ ತರದ ಕಲ್ಲಿನ ಗುಡ್ಡೆಗಳು. ಕೊನೆಗೆ ಅವನು ನಾಲ್ಕು ಹಾದಿ ಕೂಡುವಲ್ಲಿ ನಿಂತುಬಿಟ್ಟ. ಕೊಡೆ ನೆಲಕ್ಕೆ ಊರಿತ್ತು.

"ಗೊತ್ತಾಗವಲ್ದವಾ," ಎಂದ ನನಗೆ, ಬಹಳ ಮೆಲ್ಲಗೆ. "ನಮ್ಮ ಮನಿ ನನಗ ಗೊತ್ತಾಗವಲ್ದು."

ಇಷ್ಟು ವರ್ಷ ಈ ಮನುಷ್ಯನ ಬಾಯಿ ಒಮ್ಮೆ ಮುಚ್ಚಲಿ ಎಂದು ದೇವರನ್ನು ಬೇಡಿಕೊಂಡವಳು ನಾನೇ. ಅದು ಮುಚ್ಚಿದಾಗ, ಮತ್ತೆ ತೆರೆಯಲಿ ಎಂದು ಬೇಡಿಕೊಂಡವಳೂ ನಾನೇ.

ಅಷ್ಟರಲ್ಲಿ ಮಾಮಿ ನಮ್ಮನ್ನು ದಾಟಿ ಹೋದಳು. ಅತ್ತಿತ್ತ ನೋಡಲಿಲ್ಲ, ನಿಂತು ಯೋಚಿಸಲಿಲ್ಲ. ನೀರು ಹೊತ್ತು ದಿನಾ ನಡೆದವಳ ಹಾಗೆ ಎಡಕ್ಕೆ ತಿರುಗಿ, ಒಂದು ಕಲ್ಲಿನ ಗುಡ್ಡೆಯ ಆಚೆ ಇಳಿದು, ಕೂತು, ಕೈಯಿಂದ ಕೆಸರು ಬಾಚತೊಡಗಿದಳು. ನೆಲದಲ್ಲಿ ಹೂತ ಒರಳುಕಲ್ಲು ಕಾಣಿಸಿತು. ಅದರ ಕುಳಿಯೊಳಗಿನ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ಇಲ್ಲೆ ಬರ್ರಿ," ಎಂದಳು ಮಾಮಾನಿಗೆ. "ಇದನ್ನ ಕಿತ್ತಿ ಮ್ಯಾಲ ಒಯ್ಯೂಣು. ಮ್ಯಾಲೊಂದು ಅಡಗಿಮನಿ ಕಟ್ಟೂಣು."

ಮಾಮಾ "ಹೂಂ" ಎಂದ. ಕೊಡೆಯನ್ನು ನನ್ನ ಕೈಗೆ ಕೊಟ್ಟು ಹತ್ತಿರ ಹೋದ. ಹೊಸ್ತಿಲ ಕಲ್ಲೊಂದು ಉಳಿದಿತ್ತು, ಅದರ ಹೊರಗೆ ಚಪ್ಪಲಿ ಬಿಟ್ಟ. ಹಿಂದೆ ಆ ಮನೆಯ ಬಾಗಿಲು ಗಿಡ್ಡವಿತ್ತು, ಮಾಮಾ ಎತ್ತರದ ಆಳು. ಮೇಲೆ ಬರೀ ಆಕಾಶವಿತ್ತು. ಆದರೂ ಅವನು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಜೋಪಾನವಾಗಿ ಒಳಗೆ ಹೋದ.

ಕಲ್ಲು ಕೀಳಲು ಕೈ ಹಚ್ಚಬೇಕೆಂದು ನಮ್ಮವರೂ ಬೂಟು ಬಿಚ್ಚಿದರು. ಹೊಸ್ತಿಲಿಗೆ ಬಂದಾಗ ಅವರೂ ಬಗ್ಗಿದರು.