ವಕೀಲರ ಬಾಲ್ಕನಿ

ವಕೀಲರ ತಾಪತ್ರಯಕ್ಕೆಲ್ಲ ಕಾರಣ ಒಂದು ಬಾಲ್ಕನಿ. ಅದು ಎಲ್ಲಿಯೂ ಇರಲಿಲ್ಲ. ಕಣ್ಣು ಮುಚ್ಚಿದರೆ ಮಾತ್ರ ಕಾಣುತ್ತಿತ್ತು. ಮೇಲೆ ಮಂತ್ರಿಯಾದ ತಾವು, ಕೆಳಗೆ ಕೈಬೀಸುವ ಜನ, ಎಲ್ಲರ ಮೇಲೂ ಬೆಣ್ಣೆಯಂಥ ಬಿಸಿಲು. ಆ ಬಾಲ್ಕನಿಯನ್ನು ನಂಬಿ ಅವರು ಕರಿಕೋಟು ಮಡಿಸಿಟ್ಟು, ಇದ್ದಬದ್ದ ಕಕ್ಷಿದಾರರನ್ನೆಲ್ಲ ಎದುರುಮನೆಯ ವಕೀಲರಿಗೆ ಒಪ್ಪಿಸಿ ಚುನಾವಣೆಗೆ ನಿಂತಿದ್ದರು. ಸೋತರೆ ಅತ್ತ ಕಕ್ಷಿದಾರರೂ ಇಲ್ಲ, ಇತ್ತ ಕುರ್ಚಿಯೂ ಇಲ್ಲ.

ಸಂಜೆ ಮೊದಲ ಭಾಷಣ. ಬೆಳಿಗ್ಗೆಯೇ ಭಾವಮೈದುನನನ್ನು ಕೂರಿಸಿಕೊಂಡು ಪಾಠ ಮಾಡಿದರು.

“ನೋಡಪ್ಪ, ಅಧ್ಯಕ್ಷರು ಕೂತ ಕೂಡ್ಲೆ ನೀನು ಹಿಂದಿನಿಂದ ಕೂಗ್ಬೇಕು, ನನ್ನ ಎದುರಾಳಿ ಗಿರಣಿ ಮಾಲೀಕ ಕಳ್ಳ ಅಂತ. ಜನಾನೇ ಹೇಳಿದ ಹಾಗಿರುತ್ತೆ. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ನೀವು ಹೇಳಿದ್ಮೇಲೆ ಮುಗೀತು ಭಾವ.”

ಪಾಪ, ಭಾವನಿಗೆ ಎದುರಾಡುವುದಾಗಲಿ, ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವುದಾಗಲಿ ಅವನ ಜಾಯಮಾನದಲ್ಲೇ ಇರಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರ ಸ್ವಾಗತ ಹನುಮಂತನ ಬಾಲದಂತೆ ಬೆಳೆಯಿತು. ಫ್ಯಾನಿನ ಗಾಳಿ ಹಿತವಾಗಿತ್ತು. ವೇದಿಕೆಯ ಮೇಲಿದ್ದ ವಕೀಲರ ರೆಪ್ಪೆಗಳು ಮೆಲ್ಲಗೆ ಕೂಡಿದವು. ಬಾಲ್ಕನಿ ತೇಲಿ ಬಂತು, ಬಿಸಿಲೂ ಬಂತು.

“ಗಿರಣಿ ಮಾಲೀಕ ಕಳ್ಳ.”

ಆ ಮಾತು ನಿದ್ದೆಯೊಳಗೆ ಇಳಿದದ್ದೇ ತಡ, ಬಾಲ್ಕನಿ ಕರಗಿ ಕೋರ್ಟಾಯಿತು. ವರ್ಷಗಟ್ಟಲೆ ಆರೋಪಿಗಳ ಪರ ವಾದಿಸಿದ ದೇಹ ತಾನಾಗಿ ಎದ್ದು ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು.

“ಅವರು ಕದ್ದದ್ದನ್ನ ನೀವು ಕಣ್ಣಾರೆ ನೋಡಿದ್ರಾ?”

ಭಾವಮೈದುನ ಕಕ್ಕಾಬಿಕ್ಕಿಯಾದ. “ಇಲ್ಲ.”

“ಏನು ಕದ್ದರು ಅಂತಾದ್ರೂ ಗೊತ್ತಾ?”

“ಅದನ್ನ ಹೇಳ್ಕೊಡ್ಲಿಲ್ಲ.”

ಜನ ಗೊಳ್ಳೆಂದರು. ಮುಂದಿನ ಸಾಲಿನಿಂದ ಹೆಂಡತಿ, ಕೂತುಕೊಳ್ಳಿ ಎಂದು ಸನ್ನೆಯ ಮೇಲೆ ಸನ್ನೆ ಮಾಡಿದಳು. ವಕೀಲರು ಅದನ್ನೂ ಕನಸೆಂದುಕೊಂಡರು. ಎಷ್ಟೋ ಕೇಸು ಗೆಲ್ಲಿಸಿಕೊಟ್ಟ ಕೊನೆಯ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು.

“ಹಾಗಾದ್ರೆ ಈ ಸುಳ್ಳನ್ನ ಹೇಳ್ಕೊಟ್ಟೋರು ಯಾರು? ಇಲ್ಲಿದ್ರೆ ಕೈ ತೋರ್ಸಿ.”

ಭಾವಮೈದುನ ಅಳುಮೋರೆ ಮಾಡಿಕೊಂಡು ವೇದಿಕೆಯತ್ತ ಕೈ ತೋರಿಸಿದ. “ನೀವೇ ಭಾವ. ಬೆಳಿಗ್ಗೆ, ಕಾಫಿ ಕುಡೀತಾ.”

ಸಭೆಗೆ ಸಭೆಯೇ ಎದ್ದಿತು. ವಕೀಲರು ಕಣ್ಣುಜ್ಜಿಕೊಂಡು ನೋಡಿದರು. ಕೆಳಗೆ ಅಷ್ಟೂ ಜನ ಕೈಬೀಸುತ್ತಿದ್ದರು, ಥೇಟು ಬಾಲ್ಕನಿಯಿಂದ ಕಂಡ ಹಾಗೆಯೇ. ಅವರ ಎದೆ ತುಂಬಿ ಬಂತು. ತಾವೂ ಕೈಯೆತ್ತಿ ನಿಧಾನವಾಗಿ ಬೀಸಿದರು.

ಹೆಂಡತಿ ವೇದಿಕೆ ಹತ್ತಿ ಬಂದು ಮೊಣಕೈ ಹಿಡಿದಳು.

“ರೀ, ನಡೀರಿ. ಅವರು ಹೋಗು ಅಂತಿರೋದು.”