ನಮ್ಮವರ ಕೆಮ್ಮು

ನಮ್ಮವರ ವರ್ಷದ ಕಾರ್ಯದ ದಿನ ಕಡಲ ದಡದ ನಮ್ಮ ಸಾಲ್ಟ್‌ಪಾಂಡ್ ಊರಿಗೆ ಊರೇ ಅವರ ಕೆಮ್ಮು ಕೇಳಬೇಕು, ಕೇಳಿ ಕಣ್ಣೊರೆಸಿಕೊಳ್ಳಬೇಕು ಎಂದು ನಾನು ಪಣ ತೊಟ್ಟೆ! ಬೇರೆ ಹೆಂಗಸರು ಸತ್ತ ಗಂಡನ ಆಳೆತ್ತರದ ಪಟ ನಿಲ್ಲಿಸುತ್ತಾರೆ, ಬಂದವರ ಅಂಗಿಯ ಮೇಲೆಲ್ಲ ಅವನ ಮುಖ ಅಚ್ಚು ಹಾಕಿಸುತ್ತಾರೆ. ಮಾಡಲಿ ಪಾಪ. ನನ್ನ ಗಂಡ, ಎಕೋ, ಗ್ರಾಮಫೋನ್ ತಟ್ಟೆಯಲ್ಲಿ ಕೆಮ್ಮಿದ್ದರು!

ಮದುವೆಗೆ ಮುಂಚೆ ಅವರು ಒಂದು ವಾದ್ಯತಂಡದಲ್ಲಿ ಕೋಲು ಹಿಡಿದು ಕಬ್ಬಿಣದ ಗಂಟೆ ಬಾರಿಸುತ್ತಿದ್ದರು. ಆ ತಂಡದ್ದು ಒಂದೇ ಒಂದು ತಟ್ಟೆ ಬಂತು. ಹಾಡು ಮುಗಿದು ಗಿಟಾರುಗಳೆಲ್ಲ ನಿಂತ ಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ ‘ಕ್ಹೂಂ’ ಎಂದು ಯಾರೋ ಮೆಲ್ಲಗೆ ಕೆಮ್ಮುತ್ತಾರೆ. ಮದುವೆಯಾದ ಹೊಸತರಲ್ಲಿ ದಡದ ಮೇಲಿನ ಹೆಂಡದಂಗಡಿಯಲ್ಲಿ ಅದನ್ನು ಕೇಳಿ ನಾನು ಕೂಗಿಯೇಬಿಟ್ಟೆ.

“ರೀ, ಅದು ನೀವೇ ಅಲ್ವಾ!”

ಅವರು ಲೋಟದೊಳಗೆ ನೋಡಿಕೊಂಡು ನಕ್ಕರು.

“ಮತ್ತೆ ಗಂಟೆ ಎಲ್ರೀ?”

“ಗಿಟಾರುಗಳ ಗಲಾಟೇಲಿ ಎಲ್ಲೋ ಇರುತ್ತೆ ಬಿಡೇ.”

ಇರಲಿ, ಗಂಟೆಯನ್ನು ಯಾರು ಬೇಕಾದರೂ ಬಾರಿಸುತ್ತಾರೆ. ಕೆಮ್ಮು ಹಾಗಲ್ಲ, ಅದು ಅವರವರದ್ದೇ! ಅಂದಿನಿಂದ ಆ ಕೆಮ್ಮು ನನ್ನ ಆಸ್ತಿಯಾಯಿತು.

ಆದರೆ ಅದು ಎಲ್ಲ ತಟ್ಟೆಯಲ್ಲೂ ಸಿಗುವಂಥದ್ದಲ್ಲ. ಅದೇ ಹಾಡು, ನಡುವೆ ಅಂಟಿಸಿದ ಅದೇ ಹಳದಿ ಚೀಟಿ, ಆದರೆ ಅಚ್ಚು ಎರಡು ಥರ. ಒಂದು, ಹಡಗಿನಲ್ಲಿ ಪರದೇಶಕ್ಕೆ ಹೋಗಿ, ಪಳಗಿದ ಕೈಯಲ್ಲಿ ಕೆತ್ತಿಸಿಕೊಂಡು ಬಂದದ್ದು. ಅದರಲ್ಲಿ ಹಾಡುವವನು ತುಟಿ ಒದ್ದೆ ಮಾಡಿಕೊಳ್ಳುವುದೂ ಕೇಳುತ್ತದೆ. ಇನ್ನೊಂದು ಇಲ್ಲೇ ಅಗ್ಗಕ್ಕೆ ಒತ್ತಿದ್ದು. ಅದರಲ್ಲಿ ಇಡೀ ತಂಡ ಕಂಬಳಿ ಹೊದ್ದು ಹಾಡಿದ ಹಾಗಿರುತ್ತದೆ. ಚೀಟಿಯ ಮೇಲಿನ ಅಕ್ಷರ ಕೂಡಿಸಿ ಓದಲು ನನಗೆ ಬಹಳ ಹೊತ್ತು ಹಿಡಿಯುತ್ತದೆ. ಅದರ ಗೊಡವೆಯೇ ಬೇಡ! ಗೆರೆಗಳು ಮುಗಿದ ಮೇಲೆ, ಚೀಟಿಗಿಂತ ಮುಂಚೆ, ಬಳೆಯಂಥ ಒಂದು ನುಣ್ಣನೆಯ ಜಾಗವಿದೆ. ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿಯಬೇಕು. ಕೆತ್ತಿದವನು ಅಲ್ಲಿ ಸೂಜಿಯಿಂದ ಕೋಳಿಕಾಲಿನಂಥ ಗುರುತು ಗೀಚಿದ್ದರೆ ಅದು ಒಳ್ಳೆಯದು. ಬರೀ ಯಂತ್ರ ಒತ್ತಿದ ಅಂಕಿಯಿದ್ದರೆ ಕೆಟ್ಟದ್ದು. ಇದರಲ್ಲಿ ನನ್ನನ್ನು ಯಾರೂ ಏಮಾರಿಸುವಂತಿಲ್ಲ!

ನಮ್ಮವರ ತಲೆಗೆ ಮಾತ್ರ ಇಷ್ಟು ಸಣ್ಣ ವಿಷಯ ಕಡೆಯವರೆಗೂ ಹೋಗಲಿಲ್ಲ. ಸಂತೆಯಲ್ಲಿ ಕಂಡಲ್ಲೆಲ್ಲ ಕೆಟ್ಟ ಅಚ್ಚಿನದನ್ನೇ ಆರಿಸಿ ತರುತ್ತಿದ್ದರು. ಪೆಟ್ಟಿಗೆ ತುಂಬ ಅದೇ ಹಾಡು, ಅದೇ ಕಂಬಳಿ!

“ಮತ್ತೆ ತಂದ್ರಾ? ಇದ್ರಲ್ಲಿ ಕೆಮ್ಮೇ ಇಲ್ಲ!”

“ಇರಲಿ ಬಿಡೇ.”

“ಸಾಲದ್ದಕ್ಕೆ ಉದ್ದಕ್ಕೂ ಟಣ್ ಟಣ್ ಅನ್ನುತ್ತೆ. ಎಲ್ಲದ್ರಲ್ಲೂ ಅದೇ ಜಾಗದಲ್ಲಿ! ಅಚ್ಚಿಗೇ ಗೀರು ಬಿದ್ದಿದೆ ಕಣ್ರೀ.”

“ಹೂಂ. ಬಿದ್ದಿದೆ.”

ಅವರು ಹೋದ ಮೇಲೆ, ನಮ್ಮಲ್ಲಿನ ಪದ್ಧತಿಯಂತೆ, ಅವರ ಬಟ್ಟೆಬರೆ, ಕುರ್ಚಿ ಎಲ್ಲ ಅವರ ತಾಯಿಯ ಕಡೆಯವರಿಗೆ ಹೋಯಿತು. ಅವರ ಅಕ್ಕ ಮಾನ್ಸಾ ಅತ್ತಿಗೆ ಪೆಟ್ಟಿಗೆಯೊಳಗೆ ಇಣುಕಿ, “ಈ ಕಸ ನಿನಗೇ ಇರಲಿ ಕಣೇ ಅರಬಾ” ಎಂದು ದೊಡ್ಡ ಮನಸ್ಸು ಮಾಡಿದರು.

ಕಸದಲ್ಲಿ ಕೆಮ್ಮಿಲ್ಲವಲ್ಲ! ಹಾಗಾಗಿ ಮಾಂಕೆಸಿಮ್ ಸಂತೆಗೆ ಓಡಾಟ ಶುರುವಾಯಿತು. ಹಳೆಯ ತಟ್ಟೆ ಮಾರುವ ಅಬೇಕು ನನ್ನನ್ನು ಕಂಡರೆ ಹಣೆ ಚಚ್ಚಿಕೊಳ್ಳುತ್ತಿದ್ದ.

“ಅಜ್ಜೀ, ಹಾಡು ಕೊಳ್ಳೋಕೆ ಬಂದ್ಯೋ, ಹೇನು ಹೆಕ್ಕೋಕೆ ಬಂದ್ಯೋ?”

“ಬಿಸಿಲಿಗೆ ಅಡ್ಡ ನಿಲ್ಬೇಡ, ಆಚೆ ಸರಿಯಪ್ಪಾ.”

ಮಳೆಗಾಲ ಕಳೆಯಿತು, ಮೀನಿನ ಕಾಲ ಬಂತು. ಕೊನೆಗೊಂದು ದಿನ ಚರ್ಚಿನ ಹಾಡುಗಳ ರಾಶಿಯ ಅಡಿಯಲ್ಲಿ ಸಿಕ್ಕಿತು, ಕೋಳಿಕಾಲು! ಅಬೇಕು ಹಾಕಿ ತೋರಿಸಿದ. ಗಿಟಾರು ನಿಂತಿತು, ಮೌನ, ‘ಕ್ಹೂಂ’. ಸಂತೆಯ ನಡುವೆ ಕೂತು ಅತ್ತುಬಿಟ್ಟೆ. ಅಬೇಕು ಹೆದರಿ ಬೆಲೆ ಇಳಿಸಿದ!

ಕಾರ್ಯದ ಹಿಂದಿನ ದಿನ ಮಾನ್ಸಾ ಅತ್ತಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

“ಬಂದವರಿಗೆ ಹುರಿದ ಕಡಲೆಕಾಯಿ ಯಾವುದರಲ್ಲಿ ಕೊಡ್ತೀಯೇ? ಅಂಗೈಗೆ ಸುರೀತೀಯಾ? ನನ್ನ ತಮ್ಮನ ಮರ್ಯಾದೆ ಏನಾಗ್ಬೇಕು?”

“ಬಟ್ಟಲು ಇದೆ ಅತ್ತಿಗೆ!”

“ಎಲ್ಲಿ?”

“ಈಗ ಮಾಡ್ತೀನಿ!”

ನೀರು ಕುದಿಸಿದೆ. ಪೆಟ್ಟಿಗೆ ತೆರೆದೆ. ಒಂದೊಂದೇ ಕೆಟ್ಟ ತಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಮಗುಚಿದ ಗಡಿಗೆಯ ಮೇಲೆ ಹಾಕಿ ಒತ್ತಿದೆ. ಆಹಾ, ಅಂಚು ಅಲೆಅಲೆಯಾಗಿ ಹೂವಿನ ಹಾಗೆ ಬಂತು! ನಡುವಿನ ತೂತಿಗೆ ಬಾಳೆ ಎಲೆ ಚೂರು ಇಟ್ಟೆ. ಹಾಡುವ ತಟ್ಟೆ ಉಣ್ಣುವ ತಟ್ಟೆಯಾಯಿತು! ಒಂದನ್ನೂ ಬಿಡಲಿಲ್ಲ. ನಾನು ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ, ಅದೇ ನನ್ನ ಹೆಮ್ಮೆ.

“ಪರವಾಗಿಲ್ವೇ, ನಿನಗೂ ಬುದ್ಧಿ ಇದೆ” ಎಂದರು ಅತ್ತಿಗೆ. ಆ ಬಾಯಿಂದ ಹೊಗಳಿಕೆ! ಅಲ್ಲೇ ನಾನು ಅನುಮಾನಪಡಬೇಕಿತ್ತು.

ಮರುದಿನ ಅಂಗಳದ ತುಂಬ ಕಪ್ಪು ಬಿಳುಪು ಬಟ್ಟೆಯ ಜನ. ಬಾಡಿಗೆಗೆ ತಂದ ಧ್ವನಿವರ್ಧಕದ ಪೆಟ್ಟಿಗೆಗಳು ಬಾಗಿಲಿಗಿಂತ ಎತ್ತರ. ನಮ್ಮವರ ತಂಡದಲ್ಲಿ ಇನ್ನೂ ಉಳಿದಿದ್ದ ಒಬ್ಬರೇ ಫೀಫಿ ಅಣ್ಣ, ಕಿವಿ ಸ್ವಲ್ಪ ಮಂದ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೈಗೊಂದು ಬಟ್ಟಲು ಕಡಲೆಕಾಯಿ ಕೊಟ್ಟೆ. ಕೋಳಿಕಾಲಿನ ತಟ್ಟೆ ತಿರುಗಿತು. ಗಿಟಾರು ನಿಂತಿತು. ಮೌನ.

“ಕ್ಹೂಂ!”

ಸಮುದ್ರಕ್ಕೂ ಕೇಳಿಸಿರಬೇಕು!

“ಕೇಳಿದ್ರಾ? ನಮ್ಮವರು!” ಎಂದು ನಾನು ಕೂಗಿದೆ. “ನನ್ನ ತಮ್ಮಾ!” ಎಂದು ಮಾನ್ಸಾ ಅತ್ತಿಗೆ ಎದೆ ಬಡಿದುಕೊಂಡರು. ಹೆಂಗಸರು ಗೋಳೋ ಎಂದರು. “ಇನ್ನೊಂದ್ಸಲ ಹಾಕಪ್ಪಾ!” ಎಂದರು ಹಿಂದಿನವರು. ಇನ್ನೊಂದು ಸಲ ಕೆಮ್ಮಿತು. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮತ್ತೊಂದು ಸಲ ಕೆಮ್ಮಿತು.

ಫೀಫಿ ಅಣ್ಣ ಕಡಲೆಕಾಯಿ ಅಗಿಯುವುದನ್ನು ನಿಲ್ಲಿಸಿ ಸುತ್ತ ನೋಡಿದರು.

“ತಂಗೀ, ನಾನು ಕೆಮ್ಮಿದ್ದಕ್ಕೆ ಇವರೆಲ್ಲ ಯಾಕಮ್ಮಾ ಅಳ್ತಿದಾರೆ? ನಾನಿನ್ನೂ ಇದೀನಲ್ಲ!”

“ನೀವಾ? ಅದು ಎಕೋ, ಫೀಫಿ ಅಣ್ಣ!”

“ಎಕೋ ಎಲ್ಲಿದ್ದ? ಅವನು ಹೊರಗೆ ಜಗಲಿ ಮೇಲೆ ಕೂತಿದ್ದ. ತಟ್ಟೆಗೆ ಮೊದಲ್ನೇ ಸಲ ಹಾಡಿದಾಗ ಬಾರಿಸಿದ, ತಾಳ ತಪ್ಪಿಸಿದ. ತಂಡದ ಯಜಮಾನ ಆಚೆ ಕಳಿಸಿಬಿಟ್ಟ. ಇನ್ನೊಂದು ಸಲ ಗಂಟೆ ಇಲ್ದೇನೇ ಹಾಡಿದ್ವಿ. ಮುಗೀತಲ್ಲ ಅಂತ ನಾನು ಕೆಮ್ದೆ.” ಸಾಕ್ಷಿಗೆ ಒಮ್ಮೆ ಕೆಮ್ಮಿ ತೋರಿಸಿದರು. “ಕ್ಹೂಂ.” ಅದೇ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

ಅಂಗಳದಲ್ಲಿ ಮೊದಲು ಯಾರು ನಕ್ಕರೋ ತಿಳಿಯದು. ಆಮೇಲೆ ನಗದವರು ಯಾರೂ ಇರಲಿಲ್ಲ.

“ಹಾಗಾದ್ರೆ ನಮ್ಮವರು ಯಾವ ತಟ್ಟೇಲೂ ಇಲ್ವಾ?” ಎಂದೆ.

“ಯಾಕಿಲ್ಲ? ಆ ಮೊದಲ್ನೇದನ್ನ ಇಲ್ಯಾರೋ ಅಗ್ಗಕ್ಕೆ ಒತ್ತಿ ಮಾರಿದ್ರಲ್ಲ! ಅದ್ರಲ್ಲಿ ಶುರುವಿಂದ ಕೊನೇವರೆಗೂ ಟಣ್ ಟಣ್ ಅನ್ನುತ್ತೆ ನೋಡು, ಅದೇ ನಿನ್ನ ಗಂಡ. ನಿಂಗೆ ಹೇಳೋಕೆ ನಾಚಿಕೆ ಪಡ್ತಿದ್ದ. ‘ಅವಳು ಕೆಮ್ಮು ನಂದು ಅಂತ ಖುಷಿಯಾಗಿದಾಳೆ, ಸುಮ್ನಿರು’ ಅಂತಿದ್ದ. ಒಂದು ಇದ್ರೆ ಹಾಕಮ್ಮಾ, ಕೇಳೋಣ.”

ಅವರ ತೊಡೆಯ ಮೇಲಿದ್ದ ಬಟ್ಟಲನ್ನೇ ನಾನು ನೋಡುತ್ತಾ ನಿಂತೆ. ಅತ್ತಿಗೆಯೂ ನೋಡಿದರು.

“ಅಯ್ಯೋ ಅರಬಾ! ನನ್ನ ತಮ್ಮನ್ನ ಕುದಿಯೋ ನೀರಿಗೆ ಹಾಕ್ಬಿಟ್ಯಲ್ಲೇ!”

ಜನ ಹೋದ ಮೇಲೆ ಬಟ್ಟಲುಗಳನ್ನೆಲ್ಲ ಕೂಡಿಸಿ ತೊಳೆದೆ. ಎರಡು ಗಾಜಿನ ನಡುವೆ ಇಟ್ಟು, ಮೇಲೆ ರುಬ್ಬುಗಲ್ಲು ಹೇರಿ, ಬಿಸಿಲಿಗೆ ಹಾಕಿ ಚಪ್ಪಟೆ ಮಾಡಲು ನೋಡಿದೆ. ಹಾಕಿ ನೋಡಿದರೆ ಗ್ರಾಮಫೋನಿನ ಸೂಜಿ ಅಲೆಯ ಮೇಲಿನ ದೋಣಿಯ ಹಾಗೆ ಎದ್ದು ಬಿದ್ದಿತು. ಒಂದೇ ಒಂದು ಸಲ ‘ಟಣ್’ ಎಂದು ಹಾರಿ ಆಚೆ ಬಿತ್ತು. ಅದೂ ತಾಳ ತಪ್ಪಿಯೇ! ಆ ಒಂದು ಸದ್ದಿಗಾಗಿ ಸೂಜಿಯನ್ನು ಎತ್ತಿ ಎತ್ತಿ ಇಟ್ಟೆ. ಮತ್ತೆ ಬರಲಿಲ್ಲ.

ಮಾಂಕೆಸಿಮ್‌ಗೆ ಹೋದೆ.

“ಅಬೇಕು, ಕೆಟ್ಟ ಅಚ್ಚಿನದು ಕೊಡಪ್ಪಾ. ಕೋಳಿಕಾಲು ಇಲ್ದೇ ಇರೋದು.”

ಅವನು ರಾಶಿಯನ್ನೆಲ್ಲ ತಿರುವಿ ಹಾಕಿ ತಲೆಯಾಡಿಸಿದ.

“ಇಲ್ಲ ಅಜ್ಜೀ, ಒಂದೂ ಉಳಿದಿಲ್ಲ. ಒಬ್ಬ ಮುದುಕಪ್ಪ ಇದ್ದ, ಕಂಡಿದ್ದನ್ನೆಲ್ಲ ಕೊಂಡುಹೋಗ್ತಿದ್ದ. ನಿಂಗೆ ಬೇಕೇ ಬೇಕು ಅಂದ್ರೆ ಅವನ ಮನೆ ಹುಡುಕ್ಕೊಂಡು ಹೋಗು. ಅಷ್ಟು ಆಸೆಪಟ್ಟು ಒಯ್ದಿದಾನಲ್ಲ, ಮನೇಲಿ ಯಾರಾದ್ರೂ ಜೋಪಾನ ಮಾಡಿ ಇಟ್ಟೇ ಇರ್ತಾರೆ.”